ಟಮಾಟೆಗೂ ಅಡೆ ಹಾಕಿರಿ

ಈ ಸಲದ ಎಳ್ಳಮಾಸ್ಯೆಗೆ ನಾವು ನಿಲಂಗಾ ತಾಲೂಕಿನ ಬೀಗರೊಬ್ಬರ ಹೊಲಕ್ಕೆ ಊಟಕ್ಕೆ ಹೋಗಿದ್ದೆವು. ಈ ಹಬ್ಬವನ್ನು ಮರಾಠಿ ನೆರೆಯವರು ವೇಳ ಅಮಾವಾಸ್ಯೆ ಎನ್ನುತ್ತಾರೆ. ನಮ್ಮ ಎಳ್ಳಮಾಸ್ಯೆಯೇ ಅವರ ಬಾಯಲ್ಲಿ ಹಾಗೆ ತಿರುಗಿತೆಂದು ತಿಳಿದವರ ಮಾತು. ಹೆಸರು ಏನೇ ಇರಲಿ, ಜೋಳದ ದಂಟಿನ ಗುಡಿಸಲು, ಅದರ ಮುಂದೆ ಕುಳಿತು ಉಣ್ಣುವ ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಎರಡೂ ಭಾಷೆಯವರಿಗೆ ಒಂದೇ. ಉಂಡು ಎದ್ದ ಮೇಲೆ ಆ ಮನೆಯ ತಾಯಿ ಬಾವಿಯ ದಂಡೆಗೆ ಹಚ್ಚಿದ ತಮ್ಮ ಟಮಾಟೆ ಗಿಡಗಳನ್ನು ತೋರಿಸಲು ಕರೆದುಕೊಂಡು ಹೋದರು. ಹನ್ನೆರಡೇ ಗಿಡ, ಆದರೆ ಸೊಗಸಾಗಿ ಬೆಳೆದಿದ್ದವು. ಕೆಂಪಾದ ಹಣ್ಣು ಎಣಿಸಿ ನೋಡಿದೆವು. ಇಪ್ಪತ್ತು. ಅವುಗಳಲ್ಲಿ ಹನ್ನೊಂದಕ್ಕೆ ಹಕ್ಕಿ ಕುಕ್ಕಿದ ತೂತು, ನಾಲ್ಕು ಬಿರಿದಿದ್ದವು, ಒಂದರಲ್ಲಿ ಹುಳ. ಮನೆಗೆ ಒಯ್ಯುವಂಥವು ನಾಲ್ಕೇ ನಾಲ್ಕು.

“ಪೂರಾ ಕೆಂಪಾಗ್ಲಿ ಅಂತ ಬಿಡ್ತೀನಿ ಅಣ್ಣಾ. ನಾ ಹರಿಯೂದ್ಕಿಂತ ಮೊದ್ಲೇ ಹಕ್ಕಿ ಹರೀತಾವ” ಎಂದರು ಆ ತಾಯಿ.

“ಮತ್ತ ಸ್ವಲ್ಪ ಮೊದ್ಲೇ ಯಾಕ ಹರಿಯೂದಿಲ್ಲ ಅಕ್ಕಾ?”

“ಕಾಯಿ ಹರದ್ರ ರುಚಿ ಇರ್ತದೇನು? ಸಂತ್ಯಾಗಿನ ಹಣ್ಣಿನಂಗ ಆಗ್ತದ.”

ಈ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಇಲ್ಲ. ಉಮರ್ಗಾ, ನಿಲಂಗಾ, ಉದಗೀರ ಸುತ್ತಿನ ನಮ್ಮ ಅನೇಕ ಮನೆಗಳಲ್ಲಿ ಇದೇ ನಂಬಿಕೆಯಿಂದ ಹಣ್ಣು ಹಾಳಾಗುತ್ತಿರುವದರಿಂದ, ಈ ವಾರದ ಪುಟವನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಹತ್ತು ಹನ್ನೆರಡು ಗಿಡದ ಮಾತಿಗೆ ಇಷ್ಟು ಬರೆಯಬೇಕೇ ಎಂದು ಕೆಲವರು ನಗಬಹುದು. 2023ರ ಜುಲೈ ತಿಂಗಳನ್ನು ಅವರು ನೆನೆಸಿಕೊಳ್ಳಲಿ. ಆಗ ಟಮಾಟೆ ಕಿಲೋಕ್ಕೆ ನೂರು ರೂಪಾಯಿ ದಾಟಿತು, ಹಲವು ಪೇಟೆಗಳಲ್ಲಿ ನೂರೈವತ್ತನ್ನೂ ಮೀರಿತು; ನೇಪಾಳದಿಂದ ತರಿಸುವ ಹೊತ್ತು ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬೆಲೆ ನೆಲ ಕಚ್ಚಿ, ಬೆಳೆದವನಿಗೆ ಬಿಡಿಸಿದ ಕೂಲಿಯೂ ಹುಟ್ಟದಂತಾಯಿತು. ಇಂಥ ಏರಿಳಿತದಿಂದ ಮನೆಯ ಅಡಿಗೆಯನ್ನು ಬಿಡಿಸಿಕೊಳ್ಳಲು ಹಿತ್ತಿಲ ಹನ್ನೆರಡು ಗಿಡ ಸಾಕು. ಆದರೆ ಇಪ್ಪತ್ತರಲ್ಲಿ ನಾಲ್ಕು ಹಣ್ಣು ಮನೆಗೆ ಬಂದರೆ ಸಾಲದು.

ಹಣ್ಣು ಹೇಗೆ ಆಗುವದೆಂಬುದನ್ನು ಮೊದಲು ನೋಡೋಣ. ಹೂವು ಕಾಯಿಗಟ್ಟಿದ ಮೇಲೆ ಸುಮಾರು ಐದಾರು ವಾರ ಕಾಯಿ ಬರೇ ದಪ್ಪವಾಗುತ್ತದೆ. ಆಮೇಲೆ ಅದರ ಹಸಿರು ತಿಳಿಯಾಗಿ ಬೆಳ್ಳಗಾಗುತ್ತ ಬರುತ್ತದೆ. ಇದು ಬಲಿತ ಕಾಯಿ. ಅದಾದ ಕೆಲವು ದಿನಕ್ಕೆ ತೊಟ್ಟಿನ ಎದುರಿನ ತುದಿಯಲ್ಲಿ, ಅಂದರೆ ಕಾಯಿಯ ಬುಡದಲ್ಲಿ, ನಸುಗೆಂಪು ಇಲ್ಲವೆ ನಸುಹಳದಿ ಮಚ್ಚೆ ಕಾಣಿಸುವದು. ನಾವು ಇದನ್ನು ಬಣ್ಣ ತಿರುಗುವದು ಎನ್ನೋಣ. ಇಷ್ಟು ಹೊತ್ತಿಗೆ ಕಾಯಿ ಗಿಡದಿಂದ ಪಡೆಯಬೇಕಾದುದನ್ನು ಹೆಚ್ಚು ಕಡಿಮೆ ಪೂರ್ತಿ ಪಡೆದುಬಿಟ್ಟಿರುತ್ತದೆ. ಇನ್ನು ಮುಂದಿನ ಕೆಲಸವೆಲ್ಲ ಅದರ ಹೊಟ್ಟೆಯೊಳಗಿನದು. ಗಿಡದ ಮೇಲಿದ್ದರೂ ಸೈ, ಬುಟ್ಟಿಯಲ್ಲಿದ್ದರೂ ಸೈ. ಬಣ್ಣ ತಿರುಗಿದ ಕಾಯಿಯನ್ನು ಹರಿದು ಒಳಗಿಟ್ಟರೆ ಐದರಿಂದ ಏಳು ದಿನಕ್ಕೆ ಚೆಂದಾಗಿ ಕೆಂಪಾಗುವದು, ರುಚಿಯಲ್ಲಿ ಗಿಡದ ಹಣ್ಣಿಗೆ ಹೆಚ್ಚಿನ ಅಂತರವಿಲ್ಲ. ಎಳೆಗಾಯಿ ಹರಿದರೆ ಮಾತ್ರ ಆ ತಾಯಿ ಹೇಳಿದ್ದು ನೂರಕ್ಕೆ ನೂರು ನಿಜ. ದೂರದ ಪೇಟೆಗೆ ಕಳಿಸುವವರು ಲಾರಿಯಲ್ಲಿ ನುಗ್ಗಾಗಬಾರದೆಂದು ಬಲಿಯುವ ಮೊದಲೇ ಬಿಡಿಸುವದುಂಟು. ಸಂತೆಯ ಹಣ್ಣು ಸಪ್ಪೆಯಾಗುವ ಗುಟ್ಟು ಬಹುತರ ಅದೇ.

ಹಕ್ಕಿಗಳ ಕಣ್ಣು ಕೆಂಪಿನ ಮೇಲೆ. ಪಿಕಳಾರ, ಗೊರವಂಕ, ಅಳಿಲು, ಇಲಿ ಎಲ್ಲವೂ ಹಣ್ಣಾಗುವದನ್ನೇ ಕಾಯುತ್ತಿರುತ್ತವೆ. ಬಣ್ಣ ತಿರುಗಿದ ದಿನವೇ ಕಾಯಿ ಮನೆಯೊಳಗೆ ಬಂದರೆ ಅವುಗಳಿಗೆ ತಿನ್ನಲು ಉಳಿಯುವದೇನು? ಬಲೆ, ಗದ್ದಲದ ಡಬ್ಬಿ, ಬೆದರುಬೊಂಬೆ ಎಲ್ಲಕ್ಕಿಂತ ಇದು ಅಗ್ಗದ ಉಪಾಯ. ಮಂಗಗಳ ಮಾತು ಬೇರೆ, ಅವು ಕಾಯಿಯನ್ನೂ ಬಿಡುವದಿಲ್ಲ. ಅದಕ್ಕೆ ನಮ್ಮಲ್ಲಿ ಮದ್ದಿಲ್ಲ.

ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕುವದು ನಮ್ಮವರಿಗೆ ಹೊಸದಲ್ಲ. ನೆರೆಯವರು ಅದನ್ನೇ ಅಢಿ ಎನ್ನುತ್ತಾರೆ. ಟಮಾಟೆಗೂ ಅದೇ ಮಾಡತಕ್ಕದ್ದು, ತುಸು ಹಗುರ ಕೈಯಿಂದ. ಮುಂಜಾನೆ ಇಬ್ಬನಿ ಆರಿದ ಮೇಲೆ ಕಾಯಿ ಬಿಡಿಸಿರಿ. ತೊಳೆಯಬೇಡಿರಿ, ಮಣ್ಣಿದ್ದರೆ ಒಣ ಅರಿವೆಯಿಂದ ಒರೆಸಿರಿ. ಅಗಲವಾದ ಬಿದಿರು ಬುಟ್ಟಿಯ ತಳಕ್ಕೆ ಒಣ ಹುಲ್ಲು ಇಲ್ಲವೆ ಹಳೆಯ ಕಾಗದ ಹಾಸಿ, ತೊಟ್ಟಿನ ಬದಿ ಕೆಳಗೆ ಬರುವಂತೆ ಒಂದೇ ಪದರಾಗಿ ಇಡಿರಿ. ಮೇಲೊಂದು ಪದರ ಹಾಕಲೇಬೇಕಾದರೆ ನಡುವೆ ಮತ್ತೆ ಕಾಗದ ಬರಲಿ. ಮೇಲೆ ತೆಳ್ಳನೆಯ ಅರಿವೆ ಮುಚ್ಚಿದರಾಯಿತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಬೂಸು ಹಿಡಿಯುವದು. ದಿನಕ್ಕೊಮ್ಮೆ ಮುಚ್ಚಿದ್ದನ್ನು ತೆಗೆದು ನೋಡಿ, ಮೆತ್ತಗಾದದ್ದನ್ನು ಅಡಿಗೆಗೆ ತೆಗೆದು, ಕೊಳೆತದ್ದನ್ನು ಕೂಡಲೆ ಹೊರಗೆ ಹಾಕಿರಿ. ಹುಳ ಕೊರೆದ, ಬಿರಿದ, ಕಪ್ಪು ಮಚ್ಚೆಯ ಕಾಯಿಯನ್ನು ಬುಟ್ಟಿಗೆ ಸೇರಿಸಲೇಬಾರದು. ಅವಸರವಿದ್ದರೆ ಒಂದೆರಡು ಮಾಗಿದ ಬಾಳೆಹಣ್ಣನ್ನು ನಡುವೆ ಇಡಿರಿ.

ಬಾಳೆಹಣ್ಣು ಯಾಕೆಂದು ಕೇಳಬಹುದು. ಮಾಗುವ ಹಣ್ಣು ತನ್ನೊಳಗಿಂದ ಎಥಿಲೀನ್ ಎಂಬ ಕಣ್ಣಿಗೆ ಕಾಣದ ಗಾಳಿಯನ್ನು ಬಿಡುತ್ತದೆ. ಆ ಗಾಳಿ ತಗಲಿದ ಪಕ್ಕದ ಬಲಿತ ಕಾಯಿಯೂ ಮಾಗತೊಡಗುತ್ತದೆ. ಇದು ತಿಳಿದ ಬಗೆ ಸ್ವಾರಸ್ಯವಾಗಿದೆ. ಅಮೇರಿಕೆಯ ನಿಂಬೆ ತೋಟದವರು ಹಸಿರು ನಿಂಬೆಯನ್ನು ಕೋಣೆಯಲ್ಲಿಟ್ಟು ಸೀಮೆಎಣ್ಣೆಯ ಒಲೆ ಹಚ್ಚಿ ಹಳದಿ ಮಾಡುತ್ತಿದ್ದರು. ಬಿಸಿಯಿಂದ ಹಾಗಾಗುವದೆಂದೇ ಅವರ ಎಣಿಕೆ. ಡೆನಿ ಎಂಬ ವಿಜ್ಞಾನಿ 1924ರಲ್ಲಿ ಅದು ಬಿಸಿಯ ಗುಣವಲ್ಲ, ಒಲೆಯ ಹೊಗೆಯಲ್ಲಿರುವ ಎಥಿಲೀನಿನ ಗುಣವೆಂದು ತೋರಿಸಿಕೊಟ್ಟ. ಹಣ್ಣು ತಾನೇ ಆ ಗಾಳಿಯನ್ನು ಹುಟ್ಟಿಸುವದೆಂದು 1934ರಲ್ಲಿ ಗೇನ್ ಎಂಬಾತ ಇಂಗ್ಲೆಂಡಿನಲ್ಲಿ ಸಿದ್ಧಪಡಿಸಿದ. ಬಾಳೆಗೊನೆಗೆ ಹೊಗೆ ಹಾಕುವ ನಮ್ಮವರು ಹೆಸರು ತಿಳಿಯದೆಯೇ ಈ ಕೆಲಸ ಮಾಡುತ್ತ ಬಂದಿದ್ದರು.

ಇಲ್ಲಿ ಒಂದು ಎಚ್ಚರಿಕೆ. ಅಡೆಯ ಕೆಲಸಕ್ಕೆ ಕಾರ್ಬೈಡಿನ ಪುಡಿ ತರಬೇಡಿರಿ. ಅದು ತೇವ ತಾಕಿ ಬಿಡುವ ಗಾಳಿ ಬೇರೆ. ಮೈಬಣ್ಣ ಬೇಗ ಬರಿಸಿದರೂ ಅದರ ಸಂಗಡ ಪಾಷಾಣದ ಅಂಶ ಬೆರೆತಿರುವ ಭಯವಿದೆ. 2011ರ ಆಹಾರ ಸುರಕ್ಷತೆಯ ನಿಯಮಗಳು ಹಣ್ಣು ಮಾಗಿಸಲು ಅದನ್ನು ಬಳಸಬಾರದೆಂದು ಸ್ಪಷ್ಟವಾಗಿ ನಿಷೇಧಿಸಿವೆ. ಎರಡು ಬಾಳೆಹಣ್ಣು ಮಾಡುವ ಕೆಲಸಕ್ಕೆ ವಿಷವೇಕೆ?

ಬಿಸಿಲಿನ ಬಗ್ಗೆ ನಮ್ಮಲ್ಲಿ ತಪ್ಪು ತಿಳಿವಳಿಕೆ ಬಹಳ. ಕಾಯಿಗೆ ಬಿಸಿಲು ಬೀಳಲೆಂದು ಎಲೆ ಚಿವುಟಿ ಹಾಕುವವರನ್ನೂ, ಹರಿದ ಕಾಯಿಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರಡುವವರನ್ನೂ ಕಂಡಿದ್ದೇವೆ. ಟಮಾಟೆ ಮಾಗಲು ಬೆಳಕು ಬೇಕಿಲ್ಲ, ಹದವಾದ ಬೆಚ್ಚಗೆ ಬೇಕು. 20ರಿಂದ 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದರ ಕೆಂಪು ಚೆನ್ನಾಗಿ ಕೂಡುವದು. 30 ಡಿಗ್ರಿ ಮೀರಿತೆಂದರೆ ಕೆಂಪಿನ ಬಣ್ಣ ಹುಟ್ಟುವದು ಕುಗ್ಗಿ, ಹಳದಿಯ ಬಣ್ಣವೇ ಮೇಲಾಗುವದು. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಕಡೆ ಗಿಡದ ಮೇಲಿನ ಹಣ್ಣು ಎಷ್ಟು ದಿನ ಕಾದರೂ ಕಿತ್ತಳೆ ಬಣ್ಣದಲ್ಲಿಯೇ ನಿಂತುಬಿಡುವದಕ್ಕೆ ಇದೇ ಕಾರಣ. ಬೀಜ ಕೆಟ್ಟಿತೆಂದು ಅಂಗಡಿಯವನನ್ನು ಬಯ್ಯಬೇಡಿರಿ. ಎಲೆಯ ಮರೆ ಇಲ್ಲದ ಕಾಯಿಯ ಮೈಮೇಲೆ ಬಿಳಿ ಮಚ್ಚೆ ಬಿದ್ದು ತೊಗಲು ಒಣಗುವದೂ ಬಿಸಿಲಿನ ಬೇನೆಯೇ.

ಆದಕಾರಣ ಬೇಸಿಗೆಯಲ್ಲಿ ಎರಡು ಕೆಲಸ. ಗಿಡದ ಪಡುವಣಕ್ಕೆ ಜೋಳದ ಕಣಿಕೆಯ ತಡಿಕೆ ಕಟ್ಟಿ ಮಧ್ಯಾಹ್ನದ ಬಿಸಿಲು ಮರೆಮಾಡಿರಿ. ಬಣ್ಣ ತಿರುಗಿದ ಕಾಯಿಯನ್ನು ಹರಿದು, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಮೂಲೆಯಲ್ಲಿ, ಮಣ್ಣಿನ ಗೋಡೆಯ ಕೋಣೆಯಿದ್ದರೆ ಅಲ್ಲಿ, ಅಡೆ ಹಾಕಿರಿ. ಹೆಚ್ಚು ಗಿಡವಿದ್ದವರು ದಿಲ್ಲಿಯ ಪೂಸಾ ಸಂಸ್ಥೆಯವರು ರೂಢಿಗೆ ತಂದ ತಂಪುಕೋಣೆಯನ್ನು ಕಟ್ಟಿಕೊಳ್ಳಬಹುದು. ಹೆಸರಿಗೆ ಹೆದರಬೇಕಿಲ್ಲ. ನೆರಳಿನಲ್ಲಿ ಇಟ್ಟಂಗಿಯ ಎರಡು ಸಾಲು ಗಿಡ್ಡ ಗೋಡೆ, ನಡುವೆ ಉಸುಕು, ಉಸುಕಿಗೆ ಮುಂಜಾನೆ ಸಂಜೆ ನೀರು, ಮೇಲೆ ಹಸಿ ಗೋಣಿತಟ್ಟು, ಇಷ್ಟೇ. ಕರೆಂಟು ಬೇಡ. ಮಣ್ಣಿನ ಕೊಡದ ನೀರು ತಂಪಾಗುವ ಬಗೆಯಲ್ಲಿಯೇ ಇದೂ ತಂಪಾಗುವದು, ಒಣಗಾಳಿಯ ನಮ್ಮ ಸೀಮೆಯಲ್ಲಿ ಬಲು ಚೆನ್ನಾಗಿ ಕೆಲಸ ಮಾಡುವದು.

ಪುಷ್ಯ ಮಾಘದ ಚಳಿಯಲ್ಲಿ ತಿರುವುಮುರುವು. ಬಾಲಾಘಾಟದ ಮೇಲಿನ ಉದಗೀರ ಕಡೆ ರಾತ್ರಿಯ ಚಳಿ ಬಲವಾಗಿರುವದು. ಕಾಯಿ ಗಿಡದಲ್ಲಿ ವಾರಗಟ್ಟಲೆ ಹಸಿರಾಗಿಯೇ ನಿಲ್ಲುವದು. ಆಗ ಬುಟ್ಟಿಯನ್ನು ಅಡಿಗೆಮನೆಯಲ್ಲಿ, ಒಲೆಯ ಹಿಂದಿನ ಗೋಡೆಗೆ ಆತು ಇಟ್ಟು ಕಂಬಳಿ ಹೊದಿಸಿರಿ. ಹಸಿರು ಕಾಯಿಯನ್ನು ಫ್ರಿಜ್ಜಿನಲ್ಲಿ ಇಡುವದು ಮಾತ್ರ ದೊಡ್ಡ ತಪ್ಪು. 10 ಡಿಗ್ರಿಗಿಂತ ಕೆಳಗಿನ ತಂಪಿನಲ್ಲಿ ಕೆಲವು ದಿನ ಕಳೆದ ಕಾಯಿ ಆಮೇಲೆ ಸರಿಯಾಗಿ ಮಾಗುವದಿಲ್ಲ, ಮಚ್ಚೆಮಚ್ಚೆಯಾಗಿ ಕೊಳೆಯುವದು. ಪೂರ್ತಿ ಹಣ್ಣಾದ ಮೇಲೆ ಉಳಿದದ್ದನ್ನು ನಾಲ್ಕು ದಿನ ಇಟ್ಟುಕೊಳ್ಳಲು ಫ್ರಿಜ್ಜು ಸರಿ.

ಇನ್ನು ಪೂರ್ತಿ ಹಸಿರಿದ್ದಾಗಲೇ ಹರಿಯಬೇಕಾಗುವ ಹೊತ್ತೂ ಬರುವದು. 2014ರ ಫೆಬ್ರುವರಿ ಮಾರ್ಚಿನಲ್ಲಿ ಮರಾಠವಾಡೆಯ ಮೇಲೆ ಆಣೆಕಲ್ಲು ಸುರಿದದ್ದನ್ನು ನಮ್ಮ ರೈತರು ಮರೆತಿಲ್ಲ. ಅಂಥದೇ ಒಂದು ಮೋಡ ಕವಿದ ಸಂಜೆ ನಾವು ಹೆದರಿ, ಗಿಡದ ಮೇಲಿನ ಸಣ್ಣದು ದೊಡ್ಡದೆನ್ನದೆ ಎಲ್ಲ ಕಾಯಿ ಹರಿದು ಬುಟ್ಟಿ ತುಂಬಿಸಿದ್ದೆವು. ಹದಿನೈದು ದಿನಕ್ಕೆ ಅರ್ಧ ಹಣ್ಣಾದವು, ಉಳಿದರ್ಧ ಸುಕ್ಕುಗಟ್ಟಿ ತಿಪ್ಪೆಗೆ ಹೋದವು. ಆಮೇಲೆ ತಿಳಿದವರೊಬ್ಬರು ಹೇಳಿಕೊಟ್ಟ ಪರೀಕ್ಷೆ ಇದು. ಒಂದು ಕಾಯಿಯನ್ನು ಹರಿತ ಚಾಕುವಿನಿಂದ ಅಡ್ಡ ಕೊಯ್ಯಿರಿ. ಒಳಗೆ ಬೀಜದ ಸುತ್ತ ಲೋಳೆ ಕೂಡಿದ್ದು, ಬೀಜ ಚಾಕುವಿಗೆ ಸಿಗದೆ ಜಾರಿದರೆ ಕಾಯಿ ಬಲಿತಿದೆ. ಅದರ ಅಳತೆಯ ಉಳಿದವೂ ಅಡೆಯಲ್ಲಿ ಹಣ್ಣಾಗುವವು. ಬೀಜ ಕಾಯಿಯೊಂದಿಗೆ ಎರಡು ತುಂಡಾದರೆ ಅದು ಎಳೆಯದು, ಎಷ್ಟು ಬಾಳೆಹಣ್ಣು ಇಟ್ಟರೂ ಹಣ್ಣಾಗದು. ಅಂಥವನ್ನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಶೇಂಗಾ, ಎಳ್ಳು ಕೂಡಿಸಿ ಹುರಿದು ಕುಟ್ಟಿದರೆ ರೊಟ್ಟಿಗೆ ಒಳ್ಳೆಯ ಚಟ್ನಿ. ನಾವು ಅಂದು ತಿಪ್ಪೆಗೆ ಹಾಕಿದ್ದು ಒಂದು ವಾರದ ಚಟ್ನಿ ಎಂದು ಮನೆಯವರು ಈಗಲೂ ಅಣಕಿಸುತ್ತಾರೆ.

ಅಡೆಗೆ ಒಳ್ಳೆಯ ಕಾಯಿ ಬರಬೇಕಾದರೆ ಗಿಡದ ಮೇಲೆಯೂ ಕಾಪಾಡಬೇಕಲ್ಲವೆ? ಎಲ್ಲಕ್ಕೂ ಮೊದಲು ನೀರು. ನಮ್ಮದು ಎರೆಭೂಮಿ, ಒಣಗಿದರೆ ಬಾಯಿಬಿಡುವದು, ತೋಯ್ದರೆ ಹಿಡಿದುಕೊಂಡು ಕೂಡುವದು. ಎಂಟು ದಿನ ಒಣಗಿಸಿ ಒಂಬತ್ತನೆಯ ದಿನ ಮಡಿ ತುಂಬ ನೀರು ಬಿಟ್ಟರೆ, ಒಳಗಿನ ತಿರುಳು ಒಮ್ಮೆಲೆ ಉಬ್ಬಿ ತೊಗಲು ತಾಳದೆ ಹಣ್ಣು ಬಿರಿಯುವದು. ಕಾಯಿಯ ಬುಡದಲ್ಲಿ ಕಪ್ಪಾಗಿ ಚರ್ಮದಂತೆ ಒಣಗುವ ಬೇನೆಯೂ ಈ ಅಡ್ಡಾದಿಡ್ಡಿ ನೀರಿನಿಂದಲೇ. ಪುಸ್ತಕದಲ್ಲಿ ಅದಕ್ಕೆ ಸುಣ್ಣದಂಶದ ಕೊರತೆ ಎಂದು ಬರೆದಿರುವದನ್ನು ಓದಿ ಕೆಲವರು ಬುಡಕ್ಕೆ ಸುಣ್ಣ ಹಾಕುತ್ತಾರೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಬೇಕಾದಷ್ಟಿವೆ. ಬರವಿರುವದು ಅದನ್ನು ಕಾಯಿಗೆ ಹೊತ್ತೊಯ್ಯುವ ನೀರಿಗೆ. ಏರುಮಡಿ ಮಾಡಿ, ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ನೀರು ಕೊಟ್ಟು, ಬುಡಕ್ಕೆ ಸೋಯಾಬೀನಿನ ಹೊಟ್ಟು ನಾಲ್ಕು ಬೆರಳು ದಪ್ಪ ಹರಡಿದರೆ ಎರಡೂ ಬೇನೆ ಇಳಿಯುವವು. ನೀರೆಲ್ಲಿಂದ ಎಂದರೆ, 2016ರಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದ ಸೀಮೆ ನಮ್ಮದು. ಕಾಯಿಪಲ್ಯೆ ತೊಳೆದ, ಅಕ್ಕಿ ಬೇಳೆ ತೊಳೆದ ನೀರನ್ನು ಚರಂಡಿಗೆ ಬಿಡದೆ ಕೊಡದಲ್ಲಿ ಹಿಡಿದಿಟ್ಟರೆ ಹನ್ನೆರಡು ಗಿಡಕ್ಕೆ ಅರ್ಧ ನೀರು ಅಲ್ಲಿಯೇ ಸಿಗುವದು.

ಗಿಡ ನೆಲಕ್ಕೆ ಬಿದ್ದರೆ ಕಾಯಿ ಕೊಳೆಯುವದು. ತೊಗರಿ ಕಟ್ಟಿಗೆ ಊರಿ ಪುಂಡಿಯ ನಾರಿನಿಂದ ಸಡಿಲಾಗಿ ಕಟ್ಟಿರಿ, ಎರಡೂ ಮನೆಯವೇ.

ಕಾಯಿ ಕೊರಕ ಹುಳಕ್ಕೆ ಚೆಂಡುಹೂವಿನ ಉಪಾಯವನ್ನು ಬೆಂಗಳೂರ ಹತ್ತಿರದ ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ಹೇಳಿಕೊಟ್ಟಿದ್ದಾರೆ. ಹದಿನಾರು ಸಾಲು ಟಮಾಟೆಗೆ ಒಂದು ಸಾಲು ಚೆಂಡುಹೂವು. ಎರಡೂ ಒಟ್ಟಿಗೆ ಹೂ ಬಿಡಬೇಕಾದ್ದರಿಂದ, 25 ದಿನದ ಟಮಾಟೆ ಸಸಿಯೊಂದಿಗೆ 45 ದಿನದ ಚೆಂಡುಹೂವಿನ ಸಸಿ ಹಚ್ಚತಕ್ಕದ್ದು. ಪತಂಗ ಹೂವಿಗೆ ಮರುಳಾಗಿ ಅಲ್ಲಿ ಮೊಟ್ಟೆ ಇಡುವದು, ಕಾಯಿ ಉಳಿಯುವದು. ಹಿತ್ತಿಲಲ್ಲಿ ಸಾಲಿನ ಲೆಕ್ಕವೆಲ್ಲಿ? ಮಡಿಯ ಅಂಚಿಗೆ ನಾಲ್ಕಾರು ಗಿಡ ಇರಲಿ. ದೀವಳಿಗೆಗೆ ಹೂವೂ ಆಯಿತು. ಬೇವಿನ ಬೀಜದ ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿರಿ. 2014ರಲ್ಲಿ ಪುಣೆಯ ಕಡೆ ಮೊದಲು ಕಂಡುಬಂದ ಟೂಟಾ ಎಂಬ ಹೊರನಾಡಿನ ಹುಳ ಎಲೆಯೊಳಗೆ ಸುರಂಗ ಕೊರೆದು ಕಾಯಿಗೂ ಸಣ್ಣ ತೂತು ಹಾಕುವದು. ಅದರ ಎಲೆ ಕಂಡ ಕೂಡಲೆ ಕಿತ್ತು ಸುಡುವದೇ ಮನೆಗೆ ಸಾಧ್ಯವಾದ ಮದ್ದು.

ಎಲೆ ಮುದುಡುವ ರೋಗವನ್ನು ಬಿಳಿನೊಣ ಹೊತ್ತು ತರುತ್ತದೆ. ಹಿಡಿದ ಮೇಲೆ ಮದ್ದಿಲ್ಲ. ಅಂಥ ಗಿಡ ಕಿತ್ತುಹಾಕಬೇಕು. ಸಸಿಮಡಿಯ ಮೇಲೆ 25 ದಿನ ಒತ್ತು ಕಣ್ಣಿನ ನೈಲಾನ್ ಪರದೆ ಮುಚ್ಚುವದೊಂದೇ ಬುದ್ಧಿವಂತಿಕೆ. ಹೆಸರಘಟ್ಟದವರ ಅರ್ಕಾ ರಕ್ಷಕ್ ಎಂಬ ತಳಿ ಈ ರೋಗವನ್ನೂ, ಸೊರಗು ರೋಗ ಮತ್ತು ಎಲೆಚುಕ್ಕೆಯ ಅಂಗಮಾರಿಯನ್ನೂ ತಡೆಯಬಲ್ಲದು. 1956ರವರೆಗೆ ನಿಲಂಗಾ, ಉದಗೀರ ಬೀದರ ಜಿಲ್ಲೆಯಲ್ಲಿಯೇ ಇದ್ದವು. ಭಾಲ್ಕಿ, ಬಸವಕಲ್ಯಾಣಗಳಲ್ಲಿ ನಮ್ಮವರ ನಂಟು ಇನ್ನೂ ಇದೆ. ಬೀದರದ ತೋಟಗಾರಿಕೆ ಕಾಲೇಜಿನಲ್ಲಿ ಕನ್ನಡದಲ್ಲಿಯೇ ಕೇಳಿ ತಿಳಿಯಲು ಆ ನಂಟರು ನೆರವಾದಾರು.

ಅರ್ಕಾ ರಕ್ಷಕ್ ಸಂಕರ ತಳಿಯಾದ್ದರಿಂದ ಅದರ ಬೀಜ ಹಿಡಿದು ಬಿತ್ತಿದರೆ ತಾಯಿಯ ಗುಣ ಪೂರ್ತಿ ಬರುವದಿಲ್ಲ, ಪ್ರತಿವರ್ಷ ಹೊಸದು ತರಬೇಕು. ನಿಮ್ಮ ಹಿತ್ತಿಲಲ್ಲಿ ತಲೆತಲಾಂತರದ ನಾಟಿ ಟಮಾಟೆ ಇದ್ದರೆ ಬೀಜಕ್ಕಾಗಿ ಒಳ್ಳೆಯ ಗಿಡದ ಎರಡು ಮೂರು ಹಣ್ಣು ಬಿಡಿರಿ. ಅಡೆಯ ಮಾತು ಇವಕ್ಕೆ ಬೇಡ. ಇವು ಗಿಡದ ಮೇಲೆಯೇ ಪೂರ್ತಿ ಕೆಂಪಾಗಿ ಮೆತ್ತಗಾಗಲಿ. ಹಕ್ಕಿ ಮುಟ್ಟದಂತೆ ಹಳೆಯ ಧೋತರದ ತುಂಡಿನ ಸಣ್ಣ ಚೀಲ ಹೊಲಿದು, ಗಾಳಿಯಾಡುವಷ್ಟು ಸಡಿಲಾಗಿ ಕಟ್ಟಿರಿ. ಹಣ್ಣಾದ ಮೇಲೆ ಲೋಳೆ ಸಹಿತ ಬೀಜವನ್ನು ಒಂದೆರಡು ದಿನ ನೀರಿನಲ್ಲಿ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿರಿ. ನಿಲಂಗಾದ ಆ ತಾಯಿ ಈ ಸಲ ನಮಗೂ ಒಂದು ಚಿಟಿಕೆ ಬೀಜ ಕಳಿಸುವೆನೆಂದಿದ್ದಾರೆ.